ಚಾಲೆಂಜರ್, ಮಿರಾಕಲ್ ಲೀಗ್, ಬೀಪ್ ಬೇಸ್‌ಬಾಲ್: ಅಮೆರಿಕದ ಕನ್ನಡ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಅಂಗವೈಕಲ್ಯವಿರುವ ಮಕ್ಕಳು, ದೊಡ್ಡವರು ಆಡುವ ಬೇಸ್‌ಬಾಲ್ ತಂಡಗಳು ಅಮೆರಿಕದ ಅನೇಕ ಊರುಗಳಲ್ಲಿವೆ. ಅಲ್ಲಿ ನೆಲೆಸಿರುವ ನಮ್ಮವರು ಹೆಸರು ಬರೆಸುವ ಮೊದಲು ಕೇಳುವ ಪ್ರಶ್ನೆಗಳೂ, ಮೊದಲ ಶನಿವಾರ ಮೈದಾನದಿಂದ ಮನೆಗೆ ಬಂದ ಮೇಲೆ ಕೇಳುವ ಪ್ರಶ್ನೆಗಳೂ ಇಲ್ಲಿವೆ.

ಇದು ನಿಜವಾದ ಬೇಸ್‌ಬಾಲೇ, ಇಲ್ಲಾ ಮಕ್ಕಳನ್ನು ಸುಮ್ಮನೆ ಆಡಿಸಿ ಕಳಿಸುವುದೇ?

ನಿಜವಾದ ಬೇಸ್‌ಬಾಲೇ. ಬ್ಯಾಟು, ಚೆಂಡು, ನಾಲ್ಕು ಬೇಸ್ (ಓಡಿ ಮುಟ್ಟಬೇಕಾದ ಗುರುತುಗಳು), ಎರಡು ತಂಡ, ಬೆನ್ನ ಮೇಲೆ ನಂಬರು ಎಲ್ಲ ಇರುತ್ತದೆ. ಬದಲಾಗಿರುವುದು ಔಟಿನ ಲೆಕ್ಕ ಮತ್ತು ಇನಿಂಗ್ಸ್ ಮುಗಿಯುವ ಬಗೆ. ಮಿರಾಕಲ್ ಲೀಗ್‌ನಲ್ಲಿ ಪ್ರತಿ ಇನಿಂಗ್ಸಿನಲ್ಲೂ ಎಲ್ಲರಿಗೂ ಒಂದೊಂದು ಸಲ ಬ್ಯಾಟಿಂಗ್. ಬೇಸ್‌ಗೆ ಓಡಿದವರೆಲ್ಲ ಸೇಫ್. ಕೊನೆಯವರು ಹೊಡೆದದ್ದನ್ನು ಹೋಮ್ ರನ್ ಎಂದೇ ಎಣಿಸುತ್ತಾರೆ, ಹಾಗಾಗಿ ಬೇಸ್‌ಗಳಲ್ಲಿ ನಿಂತಿದ್ದವರೆಲ್ಲ ಹೋಮ್ ಪ್ಲೇಟ್, ಅಂದರೆ ಬ್ಯಾಟಿಂಗ್ ಮಾಡುವ ಜಾಗದ ಬೇಸ್, ಮುಟ್ಟುತ್ತಾರೆ. ಮಕ್ಕಳ ಬೇಸ್‌ಬಾಲ್ ಸಂಸ್ಥೆ ಲಿಟಲ್ ಲೀಗ್‌ನ ಚಾಲೆಂಜರ್ ವಿಭಾಗದಲ್ಲಿ ಸ್ವಲ್ಪ ಸಡಿಲ ಬಿಟ್ಟಿದ್ದಾರೆ: ಎಲ್ಲರ ಸರದಿ ಮುಗಿದಾಗಲೋ, ಮೂರು ಔಟ್ ಆದಾಗಲೋ, ಮೊದಲೇ ಗೊತ್ತುಮಾಡಿಕೊಂಡ ರನ್ ಆದಾಗಲೋ ಇನಿಂಗ್ಸ್ ಮುಗಿಸಬಹುದು. ಹೆಚ್ಚಿನ ಕಡೆ ಒಂದೆರಡು ಇನಿಂಗ್ಸ್, ಒಟ್ಟು ಒಂದರಿಂದ ಒಂದೂವರೆ ಗಂಟೆ.

ಚಾಲೆಂಜರ್‌ಗೂ ಮಿರಾಕಲ್ ಲೀಗ್‌ಗೂ ಏನು ವ್ಯತ್ಯಾಸ? ಯಾವುದಕ್ಕೆ ಸೇರಿಸಬೇಕು?

ಚಾಲೆಂಜರ್ ಶುರುವಾದದ್ದು 1989ರಲ್ಲಿ. 1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಹುಟ್ಟಿದ ಲಿಟಲ್ ಲೀಗ್‌ನ ಒಂದು ವಿಭಾಗ ಅದು. ಊರಿನ ಲಿಟಲ್ ಲೀಗ್ ನಡೆಸುತ್ತದೆ, ಬಹಳ ಸಲ ಮಾಮೂಲಿ ಮಣ್ಣು-ಹುಲ್ಲಿನ ಮೈದಾನದಲ್ಲೇ. ಮಿರಾಕಲ್ ಲೀಗ್ ಹುಟ್ಟಿದ್ದು ಜಾರ್ಜಿಯಾದ ರಾಕ್‌ಡೇಲ್ ಕೌಂಟಿಯಲ್ಲಿ, 1990ರ ದಶಕದ ಕೊನೆಗೆ. ಅವರ ಹೆಚ್ಚುಗಾರಿಕೆ ಮೈದಾನ. 2000ದಲ್ಲಿ ಕಾನ್ಯರ್ಸ್ ಊರಿನಲ್ಲಿ ಮೊದಲನೆಯದು ಸಿದ್ಧವಾಯಿತು. ಇಡೀ ನೆಲಕ್ಕೆ ಮೆತ್ತನೆಯ ರಬ್ಬರ್ ಹಾಸು, ಬೇಸ್‌ಗಳು ಉಬ್ಬಿರುವುದಿಲ್ಲ, ನೆಲದ ಮಟ್ಟದಲ್ಲೇ ಇರುತ್ತವೆ. ಚೆಂಡೆಸೆಯುವ ಪಿಚರ್ ನಿಲ್ಲುವ ದಿಬ್ಬವಿಲ್ಲ, ಆಟಗಾರರು ಕೂರುವ ಡಗ್‌ಔಟ್‌ಗೆ ವೀಲ್‌ಚೇರ್ ಸಲೀಸಾಗಿ ಹೋಗುತ್ತದೆ.

ಮಗು ನಡೆಯುವುದಾದರೆ ಹತ್ತಿರದ್ದು ಯಾವುದೋ ಅದಕ್ಕೆ ಸೇರಿಸಿ. ವೀಲ್‌ಚೇರ್ ಅಥವಾ ವಾಕರ್ ಬಳಸುವುದಾದರೆ ಅರ್ಧ ಗಂಟೆ ಹೆಚ್ಚು ಡ್ರೈವ್ ಮಾಡಬೇಕಾದರೂ ರಬ್ಬರ್ ಮೈದಾನವೇ ಮೇಲು. ಮಣ್ಣಿನ ಮೈದಾನದಲ್ಲಿ ತೊಂದರೆ ಕೊಡುವುದು ಎರಡು ಜಾಗ. ಮಳೆ ಬಂದ ಮಾರನೆ ದಿನ ಮುಂದಿನ ಚಿಕ್ಕ ಚಕ್ರಗಳು ಮಣ್ಣಿಗೆ ಹೂತುಕೊಳ್ಳುತ್ತವೆ. ಇನ್ನೊಂದು, ಹುಲ್ಲೂ ಮಣ್ಣೂ ಸೇರುವ ಅಂಚು. ಗಾಳಿಗೆ ಮಣ್ಣು ಬಂದು ಸೇರಿಕೊಂಡು ಅಲ್ಲಿ ಒಂದು ಸಣ್ಣ ಏರು ಎದ್ದಿರುತ್ತದೆ, ನಡೆಯುವವರ ಕಣ್ಣಿಗೆ ಬೀಳುವುದೇ ಇಲ್ಲ. ವೇಗವಾಗಿ ಬಂದ ಕುರ್ಚಿಯ ಮುಂದಿನ ಚಕ್ರ ಅದಕ್ಕೆ ತಾಗಿದರೆ ಮಗು ಮುಂದಕ್ಕೆ ಮುಗ್ಗರಿಸುತ್ತದೆ. ಮಣ್ಣಿನ ಮೈದಾನವೇ ಗತಿ ಎಂದಾದರೆ ಆಟಕ್ಕೆ ಮೊದಲು ಖಾಲಿ ಕುರ್ಚಿಯನ್ನು ಬೇಸ್‌ನಿಂದ ಬೇಸ್‌ಗೆ ಒಮ್ಮೆ ತಳ್ಳಿ ನೋಡಿ. ಅಂಚನ್ನು ದಾಟುವಾಗ ಕುರ್ಚಿಯನ್ನು ಹಿಮ್ಮುಖವಾಗಿ, ದೊಡ್ಡ ಚಕ್ರ ಮೊದಲು ಹೋಗುವಂತೆ ಎಳೆದುಕೊಳ್ಳಿ.

ವಯಸ್ಸಿನ ಮಿತಿ ಇದೆಯೇ?

ಚಾಲೆಂಜರ್‌ಗೆ 4ರಿಂದ 18. ಶಾಲೆಯಲ್ಲಿ ಓದುತ್ತಿದ್ದರೆ 22ರವರೆಗೆ. ಸೀನಿಯರ್ ಚಾಲೆಂಜರ್ 15ಕ್ಕೆ ಶುರು, ಮೇಲ್ಮಿತಿ ಇಲ್ಲ. ನಲವತ್ತು ದಾಟಿದವರೂ ಆಡುತ್ತಾರೆ.

ಹೆಸರು ಬರೆಸಲು ಏನೇನು ಬೇಕು? ವೀಸಾ ಕೇಳುತ್ತಾರೆಯೇ?

ಸಾಮಾನ್ಯವಾಗಿ ಕೇಳುವುದು ಹುಟ್ಟಿದ ದಿನಾಂಕ, ವಿಳಾಸ, ತುರ್ತಿಗೆ ಫೋನ್ ನಂಬರ್, ಆರೋಗ್ಯದ ವಿವರ ಮತ್ತು ಪೋಷಕರ ಸಹಿ ಇರುವ ಒಪ್ಪಿಗೆ ಪತ್ರ. ವೀಸಾಕ್ಕೂ ಆಟಕ್ಕೂ ಸಂಬಂಧವಿಲ್ಲ. ಶುಲ್ಕ ಒಂದೊಂದು ಊರಿನಲ್ಲಿ ಒಂದೊಂದು ಥರ. ಎಷ್ಟೋ ಕಡೆ ದಾನಿಗಳ ಹಣದಿಂದ ನಡೆಯುತ್ತದೆ. ಕಟ್ಟುವುದು ಕಷ್ಟವಾದರೆ ನೇರವಾಗಿ ಹೇಳಿ, ಸಂಕೋಚ ಬೇಡ. ವಸಂತದ ಆಟ ಮಾರ್ಚ್-ಏಪ್ರಿಲ್‌ಗೆ ಶುರುವಾಗುವುದರಿಂದ ಜನವರಿ-ಫೆಬ್ರವರಿಯಲ್ಲೇ ವಿಚಾರಿಸಿ. ಹಲವು ಕಡೆ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಸುತ್ತು ಇರುತ್ತದೆ.

ಆರೋಗ್ಯದ ವಿವರದಲ್ಲಿ ಕಾಯಿಲೆಯ ಹೆಸರು ಬರೆದು ಬಿಟ್ಟುಬಿಡಬೇಡಿ. "ಆಟಿಸಂ" ಎಂದಷ್ಟೇ ಬರೆದರೆ ಕೋಚ್‌ಗೆ ಏನೂ ತಿಳಿದ ಹಾಗಾಗಲಿಲ್ಲ. "ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಭುಜ ಮುಟ್ಟಿದರೆ ಹೆದರುತ್ತಾನೆ, ಗೇಟು ತೆರೆದಿದ್ದರೆ ಪಾರ್ಕಿಂಗ್ ಕಡೆ ಓಡುತ್ತಾನೆ, ಕನ್ನಡದಲ್ಲಿ 'ಬಾ', 'ನಿಲ್ಲು' ಅಂದರೆ ಕೇಳುತ್ತಾನೆ" ಎಂದು ಬರೆದರೆ ಮೊದಲ ದಿನವೇ ಕೆಲಸಕ್ಕೆ ಬರುತ್ತದೆ. ಬಾ, ನಿಲ್ಲು, ಹೊಡಿ, ಓಡು, ನೀರು, ಸಾಕು: ಈ ಆರು ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಬಡ್ಡಿಗಳು (ಮೈದಾನದಲ್ಲಿ ಮಗುವಿನ ಜೊತೆಗಿರುವ ಸ್ವಯಂಸೇವಕರು) ಖುಷಿಯಿಂದ ಕಲಿಯುತ್ತಾರೆ.

ನಮ್ಮ ಮನೆಯಲ್ಲಿ ಕ್ರಿಕೆಟ್ ಬಿಟ್ಟರೆ ಬೇರೆ ಗೊತ್ತಿಲ್ಲ. ಮಗುವಿಗೆ ಮೊದಲೇ ಏನು ಹೇಳಿಕೊಡಬೇಕು?

ಬ್ಯಾಟನ್ನು ಅಲ್ಲೇ ಬಿಟ್ಟು ಓಡಬೇಕು ಎನ್ನುವುದನ್ನು. ಕ್ರಿಕೆಟ್ ನೋಡಿ ಬೆಳೆದ ಮಕ್ಕಳು ಬ್ಯಾಟು ಹಿಡಿದೇ ಓಡುತ್ತಾರೆ. ದಾರಿಯಲ್ಲಿ ಅದು ಯಾರಿಗೋ ತಾಗುತ್ತದೆ. ಇದರ ಉಲ್ಟಾ ತಪ್ಪೂ ಇದೆ: ಹೊಡೆದ ರಭಸಕ್ಕೆ ಬ್ಯಾಟನ್ನು ಹಿಂದಕ್ಕೆ ಎಸೆದುಬಿಡುವುದು. ಹೋಮ್ ಪ್ಲೇಟಿನ ಪಕ್ಕದಲ್ಲಿ ನೆಲಕ್ಕೆ ಒಂದು ಬಣ್ಣದ ರಿಂಗ್ ಇಟ್ಟು "ಹೊಡಿ, ರಿಂಗಿನಲ್ಲಿ ಹಾಕು, ಓಡು" ಎಂದು ಅಭ್ಯಾಸ ಮಾಡಿಸಿದರೆ ಎರಡೂ ನಿಲ್ಲುತ್ತವೆ. ಹೊಡೆದ ಮೇಲೆ ಬಲಗಡೆಯ ಬೇಸ್‌ಗೆ ಓಡಬೇಕು, ಹಿಂದಕ್ಕೆ ಹೊಡೆದರೆ ಫೌಲ್: ಇಷ್ಟು ಸಾಕು. ಉಳಿದದ್ದು ಆಡುತ್ತಾ ಬರುತ್ತದೆ.

ಬಡ್ಡಿ ಅಂದರೆ ಯಾರು? ತಂದೆ ತಾಯಿಯೇ ಜೊತೆಗಿರಬಾರದೇ?

ಬಡ್ಡಿ ಎಂದರೆ ಆಟಗಾರನ ಜೊತೆಗೆ ಮೈದಾನದಲ್ಲಿ ನಿಲ್ಲುವ ಸ್ವಯಂಸೇವಕ. ಹೆಚ್ಚಾಗಿ ಮಿಡಲ್ ಸ್ಕೂಲ್, ಹೈಸ್ಕೂಲ್ ಹುಡುಗ ಹುಡುಗಿಯರು. ಚೆಂಡು ಮೈಗೆ ಬರದಂತೆ ತಡೆಯುವುದು, ಸರದಿ ನೆನಪಿಸುವುದು, ಬೇಕಾದರೆ ಕುರ್ಚಿ ತಳ್ಳುವುದು ಅವರ ಕೆಲಸ. ದೊಡ್ಡ ಸ್ವಯಂಸೇವಕರಿಗೆ ಹಿನ್ನೆಲೆ ತಪಾಸಣೆ ಇರುತ್ತದೆ, ಲಿಟಲ್ ಲೀಗ್‌ನಲ್ಲಿ ಅದನ್ನು ಪ್ರತಿ ವರ್ಷ ಮಾಡಿಸಬೇಕು.

ಇಲ್ಲಿ ಆಗುವ ತಪ್ಪು ಬೇರೆಲ್ಲಾ ತಪ್ಪಿಗಿಂತ ಹೆಚ್ಚು, ಅದೂ ಪ್ರೀತಿಯಿಂದಲೇ ಆಗುವುದು: ಸಹಾಯ ಅತಿಯಾಗುವುದು. ಬಡ್ಡಿ ಮಗುವಿನ ಹಿಂದೆ ನಿಂತು ಎರಡೂ ಕೈ ಹಿಡಿದು ಬ್ಯಾಟ್ ಬೀಸುತ್ತಾನೆ, ಚೆಂಡು ದೂರ ಹೋಗುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಮಗುವಿನ ಮುಖ ನೋಡಿದರೆ ತನಗೂ ಅದಕ್ಕೂ ಸಂಬಂಧವಿಲ್ಲ ಎಂಬಂತಿರುತ್ತದೆ. ಆಟ ಸುಲಭವಾಗಬೇಕಾದರೆ ಬದಲಾಯಿಸಲು ಎಷ್ಟೋ ಇವೆ. ಚೆಂಡು ದೊಡ್ಡದಾಗಲಿ, ಬ್ಯಾಟು ಹಗುರವಾಗಲಿ, ಚೆಂಡಿಡುವ ಸ್ಟ್ಯಾಂಡು (ಟೀ) ಹತ್ತಿರ ಬರಲಿ, ಐದು ಸಲ ತಪ್ಪಿದರೆ ಆರನೆಯ ಸಲ ಕೊಡಿ. ಬೀಸುವ ಕೈ ಮಾತ್ರ ಮಗುವಿನದೇ ಇರಲಿ.

ಕೈಗೆ ಬಲ ಸಾಲದ ಮಗುವಿಗೆ ಸಹಾಯದ ಕ್ರಮ ಇದು. ಮೊದಲು ಬಾಯಲ್ಲಿ ಹೇಳಿ, ಹತ್ತು ಎಣಿಸುವಷ್ಟು ಕಾಯಿರಿ. ಕಾಯುವ ಈ ಹೊತ್ತೇ ಎಲ್ಲರಿಗೂ ಕಷ್ಟ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಮನಸ್ಸು ಮಾಡಿದ ಮೇಲೂ ತೋಳು ಹೊರಡಲು ಸಮಯ ಬೇಕು, ಅಷ್ಟರಲ್ಲಿ ದೊಡ್ಡವರ ಕೈ ಮುಂದೆ ಬಂದಿರುತ್ತದೆ. ಕಾದರೂ ಆಗದಿದ್ದರೆ ಮೊಣಕೈಯನ್ನು ಕೆಳಗಿನಿಂದ ಆನಿಸಿ ಹಿಡಿಯಿರಿ. ಅದೂ ಸಾಲದಿದ್ದರೆ ಬ್ಯಾಟಿನ ತುದಿಯ ಭಾರವನ್ನು ಮಾತ್ರ ಎರಡು ಬೆರಳಲ್ಲಿ ಹೊರಿ, ದೂಡುವುದು ಮಗುವೇ ಆಗಿರಲಿ. ಬ್ಯಾಟು ಹಿಡಿಯಲೇ ಆಗದವರಿಗೆ ಮೊಣಕಾಲ ಮೇಲೊಂದು ಇಳಿಜಾರು ಹಲಗೆಯಿಟ್ಟು ಚೆಂಡನ್ನು ಕೈಯಿಂದಲೋ ತಲೆಯಿಂದಲೋ ದೂಡಿಸಬಹುದು. ಅದು ಅವರ ಹೊಡೆತವೇ.

ತಂದೆ ತಾಯಿ ಮೊದಲೆರಡು ವಾರ ಗೇಟಿನ ಪಕ್ಕ ನಿಲ್ಲಿ, ಆಮೇಲೆ ಗ್ಯಾಲರಿಗೆ ಹೋಗಿ. ಅಮ್ಮ ಪಕ್ಕದಲ್ಲಿದ್ದರೆ ಮಗು ಬಡ್ಡಿಯ ಮಾತು ಕೇಳುವುದಿಲ್ಲ.

ವೀಲ್‌ಚೇರಿನಲ್ಲಿ ಕೂತು ಬ್ಯಾಟ್ ಬೀಸುವುದು ಹೇಗೆ?

ಚೆಂಡನ್ನು ಟೀ, ಅಂದರೆ ರಬ್ಬರ್ ಕೊಳವೆಯ ಸ್ಟ್ಯಾಂಡಿನ ಮೇಲಿಟ್ಟು ಶುರುಮಾಡಿ. ಕುರ್ಚಿಯನ್ನು ಪ್ಲೇಟಿಗೆ ನೇರ ಎದುರಾಗಿ ನಿಲ್ಲಿಸುವುದು ಎಲ್ಲರೂ ಮೊದಲು ಮಾಡುವ ತಪ್ಪು: ಪಾದದ ಹಲಗೆ ಟೀಗೆ ತಾಗುತ್ತದೆ, ಚೆಂಡು ಕೈಗೆ ಎಟುಕುವುದಿಲ್ಲ. ಬಲಗೈ ಬ್ಯಾಟರ್ ಆದರೆ ಕುರ್ಚಿಯನ್ನು ಪಿಚರ್ ಕಡೆಗೆ ಸುಮಾರು 45 ಡಿಗ್ರಿ ತಿರುಗಿಸಿ, ಬ್ಯಾಟಿಗೆ ಅಡ್ಡ ಬರುವ ಕಡೆಯ ಕೈ-ಆಸರೆ ಕಳಚುವಂತಿದ್ದರೆ ಕಳಚಿ. ಎರಡೂ ಬ್ರೇಕ್ ಹಾಕಿ. ಒಂದನ್ನೇ ಹಾಕಿದರೆ ಬೀಸಿದ ರಭಸಕ್ಕೆ ಕುರ್ಚಿ ಗಿರಕಿ ಹೊಡೆಯುತ್ತದೆ. ಹಿಂದಕ್ಕೆ ಮಗುಚದಂತೆ ತಡೆಯುವ ಪುಟ್ಟ ಚಕ್ರಗಳು ಕೆಳಗಿಳಿದಿರಲಿ, ಸೊಂಟದ ಬೆಲ್ಟ್ ಬಿಗಿಯಾಗಿರಲಿ. ಟೀಯ ಎತ್ತರ ಕೂತವರ ಸೊಂಟಕ್ಕೂ ಎದೆಗೂ ನಡುವೆ. ಚೆಂಡಿಲ್ಲದೆ ಒಮ್ಮೆ ನಿಧಾನವಾಗಿ ಬೀಸಿಸಿ ನೋಡಿ, ಬ್ಯಾಟು ಮೊಣಕಾಲಿಗೋ ಚಕ್ರಕ್ಕೋ ತಾಗಿದರೆ ಟೀಯನ್ನು ಎರಡೆರಡು ಇಂಚು ಹೊರಗೆ ಸರಿಸುತ್ತಾ ಹೋಗಿ.

ಕರೆಂಟಿನ ಕುರ್ಚಿಯಾದರೆ ಬೀಸುವ ಮೊದಲು ಸ್ವಿಚ್ ಆಫ್ ಮಾಡಲೇಬೇಕು. ತೋಳು ಜಾಯ್‌ಸ್ಟಿಕ್‌ಗೆ ತಾಗಿದರೆ ಕುರ್ಚಿ ಟೀ ಮೇಲೆಯೇ ಹೋಗುತ್ತದೆ. ಬ್ಯಾಟನ್ನು ಬಡ್ಡಿ ಈಸಿಕೊಂಡ ಮೇಲೆಯೇ ಮತ್ತೆ ಆನ್ ಮಾಡುವುದು. ತಾವೇ ಚಕ್ರ ತಳ್ಳಿಕೊಳ್ಳುವವರ ಕುರ್ಚಿಯನ್ನು ಕೇಳದೆ ಮುಟ್ಟಬಾರದು.

ವಾಕರ್ ಬಳಸುವವರಿಗೆ ಬ್ಯಾಟ್ ಬೀಸುವಾಗ ಎರಡೂ ಕೈ ಬಿಡಬೇಕಾಗುತ್ತದೆ. ಎತ್ತರದ ಸ್ಟೂಲಿನಲ್ಲಿ ಒರಗಿ ಹೊಡೆಯುವುದು, ಇಲ್ಲವೇ ಬಡ್ಡಿ ಹಿಂದಿನಿಂದ ಸೊಂಟದ ಬೆಲ್ಟ್ ಹಿಡಿದಿರುವುದು ಎರಡೂ ನಡೆಯುತ್ತದೆ.

ಏನೇನು ಕೊಳ್ಳಬೇಕು?

ಮೊದಲ ತಿಂಗಳು ಏನನ್ನೂ ಕೊಳ್ಳಬೇಡಿ. ತಂಡದ ಸಾಮಾನು ಇರುತ್ತದೆ. ಆಮೇಲೆ ಕೊಳ್ಳುವುದಾದರೆ ಮೊದಲು ಹೆಲ್ಮೆಟ್. ಎರಡೂ ಕಿವಿ ಮುಚ್ಚುವಂಥದು, ಹಿಂಭಾಗದಲ್ಲಿ ನಾಕ್‌ಸೇ (NOCSAE, ಆಟದ ರಕ್ಷಣಾ ಸಾಮಾನಿನ ಸುರಕ್ಷತಾ ಮಾನದಂಡ) ಮುದ್ರೆ ಇರುವಂಥದು. ಹುಬ್ಬಿನಿಂದ ಸುಮಾರು ಒಂದು ಇಂಚು ಮೇಲೆ ಕೂರಬೇಕು, ತಲೆ ಅಲ್ಲಾಡಿಸಿದರೆ ಜಾರಬಾರದು. ಹೆಣ್ಣುಮಕ್ಕಳಿಗೆ ಜಡೆಯನ್ನು ಕತ್ತಿನ ಹತ್ತಿರ ಕೆಳಗೆ ಹಾಕಿ. ನೆತ್ತಿಯ ಮೇಲೆ ಗಂಟು ಕಟ್ಟಿದರೆ ಯಾವ ಹೆಲ್ಮೆಟ್ಟೂ ಕೂರುವುದಿಲ್ಲ.

ಬ್ಯಾಟಿನಲ್ಲಿ ನೋಡಬೇಕಾದದ್ದು ಉದ್ದದ ಇಂಚಿಗೂ ತೂಕದ ಔನ್ಸಿಗೂ ಇರುವ ಅಂತರ. 26 ಇಂಚಿನ ಬ್ಯಾಟಿನ ಮೇಲೆ ಮೈನಸ್ 10 ಎಂದಿದ್ದರೆ ತೂಕ 16 ಔನ್ಸ್, ಸುಮಾರು 450 ಗ್ರಾಂ. ಮೈನಸ್‌ನ ಸಂಖ್ಯೆ ದೊಡ್ಡದಾದಷ್ಟೂ ಬ್ಯಾಟು ಹಗುರ. ಕೈ ನೇರ ಚಾಚಿ ಒಂದೇ ಕೈಯಲ್ಲಿ ಬ್ಯಾಟನ್ನು 20 ಎಣಿಸುವ ತನಕ ಹಿಡಿಯಲು ಆಗದಿದ್ದರೆ ಅದು ಭಾರವಾಯಿತು. ಟೀ ಬಾಲ್ ಬ್ಯಾಟಿನಲ್ಲಿ ಗಟ್ಟಿ ಚೆಂಡು ಹೊಡೆಯಬಾರದು ಎಂದು ಅದರ ಮೇಲೆಯೇ ಬರೆದಿರುತ್ತದೆ; ಹೊಡೆದರೆ ತಗ್ಗು ಬೀಳುತ್ತದೆ. ಚೆಂಡು ಮೆತ್ತನೆಯದೇ ಇರಲಿ. ಲಿಟಲ್ ಲೀಗ್‌ನ ಮಾಮೂಲಿ ಚೆಂಡು 5 ಔನ್ಸ್‌ಗೆ ಮೇಲೆ ತೂಗುವ ಗಟ್ಟಿ ಚೆಂಡು. ನಮ್ಮ ಟೆನಿಸ್ ಬಾಲ್ ಕ್ರಿಕೆಟ್ಟಿನ ಅಂದಾಜಿನಲ್ಲಿ ಅದನ್ನು ಹಿಡಿಯಲು ಹೋಗಬೇಡಿ.

ಒಂದೇ ಕೈ ಇರುವವರು ಗ್ಲೋವ್ ಹಾಕಿಕೊಂಡು ಎಸೆಯುವುದು ಹೇಗೆ?

ಜಿಮ್ ಆಬಟ್ ಮಾಡಿದ ಹಾಗೆ. ಬಲಗೈ ಇಲ್ಲದೆ ಹುಟ್ಟಿದ ಅವರು ಅಮೆರಿಕದ ಅತಿ ದೊಡ್ಡ ವೃತ್ತಿಪರ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಪಿಚರ್ ಆಗಿದ್ದರು, 1993ರ ಸೆಪ್ಟೆಂಬರ್ 4ರಂದು ಯಾಂಕೀಸ್ ಪರವಾಗಿ ಕ್ಲೀವ್‌ಲೆಂಡ್ ವಿರುದ್ಧ ನೋ-ಹಿಟ್ಟರ್ ಎಸೆದರು. ಅಂದರೆ ಎದುರಾಳಿಗೆ ಇಡೀ ಪಂದ್ಯದಲ್ಲಿ ಒಂದೇ ಒಂದು ಹಿಟ್ (ಬೇಸ್ ಗಿಟ್ಟಿಸುವ ಹೊಡೆತ) ಕೂಡ ಸಿಗಲಿಲ್ಲ. ಎಸೆಯುವಾಗ ಗ್ಲೋವನ್ನು ಬಲ ಮುಂಗೈಯ ತುದಿಗೆ ಸಿಕ್ಕಿಸಿಕೊಂಡಿರುತ್ತಿದ್ದರು. ಚೆಂಡು ಬಿಟ್ಟ ಕೂಡಲೇ ಎಡಗೈ ಗ್ಲೋವಿನೊಳಗೆ. ಚೆಂಡು ಹಿಡಿದ ಮೇಲೆ ಗ್ಲೋವನ್ನು ಬಲ ತೋಳಿಗೂ ಎದೆಗೂ ನಡುವೆ ಅವುಚಿ, ಎಡಗೈ ಹೊರಗೆಳೆದು, ಚೆಂಡನ್ನು ತೆಗೆದು ಎಸೆಯುವುದು. ಅಭ್ಯಾಸ ಮಾಡಿಸುವಾಗ ಬಿಡಿಬಿಡಿಯಾಗಿ ಮಾಡಿಸಿ: ಮೊದಲು ಚೆಂಡಿಲ್ಲದೆ ಗ್ಲೋವ್ ಬದಲಾಯಿಸುವುದು, ಆಮೇಲೆ ಉರುಳಿ ಬರುವ ಚೆಂಡು, ಕೊನೆಗೆ ಗಾಳಿಯಲ್ಲಿ ಬರುವುದು. ಒಳಗೆ ಸಡಿಲವಾಗಿರುವ, ಹಳತಾಗಿ ಮೆತ್ತಗಾದ ಗ್ಲೋವೇ ಇದಕ್ಕೆ ಒಳ್ಳೆಯದು.

ಮಗುವಿಗೆ ಸದ್ದು ಆಗುವುದಿಲ್ಲ. ಮೈಕು, ಹಾಡು, ಕೂಗಾಟ ಇರುತ್ತದಲ್ಲ?

ಇರುತ್ತದೆ. ಒಬ್ಬೊಬ್ಬರು ಬ್ಯಾಟಿಂಗ್‌ಗೆ ಬರುವಾಗ ಮೈಕಿನಲ್ಲಿ ಹೆಸರು ಕೂಗಿ ಹಾಡು ಹಾಕುವುದು ಅನೇಕ ಕಡೆ ರೂಢಿ. ನಿಮ್ಮ ಮಗುವಿನ ಸರದಿಗೆ ಅದು ಬೇಡವೆಂದು ಮೊದಲೇ ಹೇಳಿ. ಚಪ್ಪಾಳೆಯ ಬದಲು ಎರಡೂ ಕೈ ಎತ್ತಿ ಅಲ್ಲಾಡಿಸಿದರೆ ಆಯಿತು. ದಪ್ಪ ಹೆಡ್‌ಫೋನ್ ಮೇಲೆ ಹೆಲ್ಮೆಟ್ ಹಾಕಬೇಡಿ. ಹೆಲ್ಮೆಟ್ ಮೇಲಕ್ಕೆ ಎದ್ದು ನಿಲ್ಲುತ್ತದೆ, ಏಟು ಬಿದ್ದರೆ ಕಾಪಾಡುವುದಿಲ್ಲ. ಬ್ಯಾಟಿಂಗ್ ಹೊತ್ತಿಗೆ ಕಿವಿಯೊಳಗೆ ಹಾಕುವ ಮೆತ್ತನೆಯ ಪ್ಲಗ್, ಡಗ್‌ಔಟಿಗೆ ಬಂದ ಮೇಲೆ ಹೆಡ್‌ಫೋನ್. ಹೆಲ್ಮೆಟ್ಟೇ ಆಗದಿದ್ದರೆ ಒಂದು ವಾರ ಮುಂಚಿನಿಂದ ಮನೆಯಲ್ಲಿ ದಿನಾ ಸ್ವಲ್ಪ ಹೊತ್ತು ಹಾಕಿಸಿ, ಕಾರ್ಟೂನ್ ನೋಡುವಾಗ ಹಾಕಿದರೆ ಜಗಳ ಕಡಿಮೆ.

ಸೇರುವ ಮೊದಲು ಡಾಕ್ಟರನ್ನು ಏನು ಕೇಳಬೇಕು?

ಡೌನ್ ಸಿಂಡ್ರೋಮ್ ಇದ್ದರೆ ಕತ್ತಿನ ಮೇಲಿನ ಎರಡು ಮೂಳೆಗಳ ನಡುವೆ ಸಡಿಲ ಇದೆಯೇ ಎಂದು. ಹಾಗಿದ್ದಲ್ಲಿ ಬೇಸ್‌ಗೆ ಜಾರಿ ಬೀಳುವುದು, ತಲೆಗೆ ಪೆಟ್ಟಾಗುವ ಆಟ ಕೂಡದು. ಕತ್ತು ನೋವು, ನಡಿಗೆಯಲ್ಲಿ ಬದಲಾವಣೆ, ಕೈಕಾಲು ಬಲ ಕಳೆದುಕೊಂಡಂತಾದರೆ ಆಟ ನಿಲ್ಲಿಸಿ ತೋರಿಸಿ. ತಲೆಯಲ್ಲಿ ಶಂಟ್ (ಮಿದುಳಿನ ಹೆಚ್ಚಿನ ದ್ರವ ಹರಿದುಹೋಗಲು ಇಟ್ಟ ನಳಿಕೆ) ಇರುವವರಿಗೆ ಹೆಲ್ಮೆಟ್ಟಿನ ಒಳದಿಂಬು ಶಂಟ್ ಮೇಲೆಯೇ ಒತ್ತದಂತೆ ನೋಡಬೇಕು.

ಸ್ಪೈನಾ ಬಿಫಿಡಾ (ಹುಟ್ಟಿನಿಂದಲೇ ಬೆನ್ನುಮೂಳೆ ಪೂರ್ತಿ ಮುಚ್ಚಿಕೊಳ್ಳದಿರುವುದು) ಇರುವ ಬಹಳ ಮಕ್ಕಳಿಗೆ ಲೇಟೆಕ್ಸ್ (ಸಹಜ ರಬ್ಬರ್) ಅಲರ್ಜಿ ಇರುತ್ತದೆ, ಕೆಲವರಿಗೆ ಜೀವಕ್ಕೇ ಅಪಾಯವಾಗುವಷ್ಟು. ಅಪಾಯ ಬರುವುದು ಆಟದಿಂದಲ್ಲ, ಉದ್ಘಾಟನೆಯ ದಿನ ಕಟ್ಟುವ ಬಲೂನಿನಿಂದ! ಬಲೂನು ಬೇಡವೆಂದು ಮೊದಲೇ ಬರೆದು ತಿಳಿಸಿ. ಬ್ಯಾಟಿನ ಹಿಡಿ, ಮೈದಾನದ ಹಾಸು ಯಾವುದರಿಂದ ಮಾಡಿದ್ದು ಎಂದೂ ಕೇಳಿ.

ಫಿಟ್ಸ್ ಬರುವವರ ವಿಷಯ ಬಡ್ಡಿಗೂ ಗೊತ್ತಿರಲಿ. ಬಂದರೆ ಮಗ್ಗುಲಾಗಿ ಮಲಗಿಸಿ, ಹೆಲ್ಮೆಟ್ ಪಟ್ಟಿ ಸಡಿಲಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 911. ಬಾಯಿಗೆ ಏನೂ ಹಾಕಬಾರದು. ಊರಿಂದ ಬಂದ ಹಿರಿಯರು ಬೀಗದ ಕೈಯೋ ಕಬ್ಬಿಣವೋ ಕೈಗೆ ಕೊಡಲು ಓಡುತ್ತಾರೆ. ಅದರಿಂದ ಏನೂ ಪ್ರಯೋಜನವಿಲ್ಲವೆಂದು ಮನೆಯಲ್ಲೇ ತಿಳಿಸಿ ಕರೆತನ್ನಿ.

ಬಿಸಿಲಿಗೆ ಏನು ಮಾಡುವುದು?

ರಬ್ಬರ್ ಹಾಸಿನ ಒಂದೇ ಕುಂದು ಇದು. ಬೇಸಿಗೆಯಲ್ಲಿ ಗಾಳಿಗಿಂತ ಬಹಳ ಹೆಚ್ಚು ಕಾಯುತ್ತದೆ, ಆ ಕಾವು ವೀಲ್‌ಚೇರಿನಲ್ಲಿ ತಗ್ಗಿನಲ್ಲಿ ಕೂತವರ ಮುಖಕ್ಕೇ ಹೊಡೆಯುತ್ತದೆ. ಬೆನ್ನುಹುರಿಗೆ ಪೆಟ್ಟಾದವರಿಗೆ ಪೆಟ್ಟಿನ ಕೆಳಗೆ ಸರಿಯಾಗಿ ಬೆವರುವುದಿಲ್ಲ, ಕೆಲವು ಔಷಧಿಗಳೂ ಬೆವರು ತಗ್ಗಿಸುತ್ತವೆ. ಅಂಥವರಿಗೆ ಬಾಯಾರಿಕೆಯಾಗುವ ತನಕ ಕಾಯದೆ ಪ್ರತಿ ಸರದಿಯ ನಡುವೆ ನೀರು ಕೊಡಿ, ಕತ್ತಿಗೆ ಒದ್ದೆ ಬಟ್ಟೆ ಹಾಕಿ, ಸ್ಪ್ರೇ ಬಾಟಲಿ ಇಟ್ಟುಕೊಳ್ಳಿ. ಬಿಸಿಲಿನಲ್ಲಿ ನಿಂತ ಕುರ್ಚಿಯ ಲೋಹದ ಭಾಗ, ಕಾಲಿನ ಬ್ರೇಸ್ ಮುಟ್ಟಿ ನೋಡಿ. ಸ್ಪರ್ಶ ತಿಳಿಯದ ಕಾಲು ಸುಟ್ಟರೂ ಮಗುವಿಗೆ ಗೊತ್ತಾಗುವುದಿಲ್ಲ.

ಕಣ್ಣು ಕಾಣದವರಿಗೆ ಬೇರೆ ಆಟ ಇದೆಯಂತಲ್ಲ?

ಬೀಪ್ ಬೇಸ್‌ಬಾಲ್. 1964ರಲ್ಲಿ ಟೆಲಿಫೋನ್ ಕಂಪನಿಯ ಎಂಜಿನಿಯರ್ ಚಾರ್ಲ್ಸ್ ಫೇರ್‌ಬ್ಯಾಂಕ್ಸ್ ಚೆಂಡಿನೊಳಗೆ ಸದ್ದು ಮಾಡುವ ಸಾಧನ ಕೂರಿಸಿದರು. 1976ರಲ್ಲಿ ರಾಷ್ಟ್ರೀಯ ಸಂಘಟನೆಯಾಯಿತು. ಚೆಂಡಿನ ಸುತ್ತಳತೆ 16 ಇಂಚು, ಬೀಪ್ ಬೀಪ್ ಎನ್ನುತ್ತಲೇ ಇರುತ್ತದೆ. ಬೇಸ್ ಎರಡೇ, ಮೊದಲನೆಯದು ಮತ್ತು ಮೂರನೆಯದು. ಬೇಸ್ ಎಂದರೆ ನಾಲ್ಕಡಿ ಎತ್ತರದ ಮೆತ್ತನೆಯ ಕಂಬ, 100 ಅಡಿ ದೂರದಲ್ಲಿ. ಚೆಂಡಿಗೆ ಬ್ಯಾಟು ತಾಗಿದ ಮೇಲೆ ಎರಡರಲ್ಲಿ ಒಂದು ಗುಂಯ್‌ಗುಡುತ್ತದೆ, ಬ್ಯಾಟರ್ ಅದರ ಕಡೆಗೆ ಓಡಬೇಕು. ಯಾವುದು ಎಂದು ಮೊದಲೇ ಗೊತ್ತಿರುವುದಿಲ್ಲ. ಫೀಲ್ಡರ್ ಚೆಂಡನ್ನು ನೆಲದಿಂದ ಎತ್ತಿ ಹಿಡಿಯುವುದರೊಳಗೆ ಬೇಸ್ ಮುಟ್ಟಿದರೆ ರನ್, ಇಲ್ಲದಿದ್ದರೆ ಔಟ್. ಪಿಚರ್ ಮತ್ತು ಬ್ಯಾಟರ್‌ನ ಹಿಂದೆ ಚೆಂಡು ಹಿಡಿಯುವ ಕ್ಯಾಚರ್ ಕಣ್ಣು ಕಾಣುವವರು, ಬ್ಯಾಟರ್‌ನ ತಂಡದವರೇ. ಪಿಚರ್‌ನ ಕೆಲಸ ಬ್ಯಾಟರ್‌ನನ್ನು ತಪ್ಪಿಸುವುದಲ್ಲ, ಅವನ ಬ್ಯಾಟು ಯಾವಾಗಲೂ ಹಾದುಹೋಗುವ ಜಾಗಕ್ಕೇ ಚೆಂಡು ತಂದುಕೊಡುವುದು. ಹಾಗಾಗಿ ಬ್ಯಾಟರ್ ಪ್ರತಿ ಸಲ ಒಂದೇ ಹದದಲ್ಲಿ ಬೀಸುವುದನ್ನೇ ಮೊದಲು ಕಲಿಯಬೇಕು.

ಅಂಧರ ಕ್ರಿಕೆಟ್ ಆಡಿ ಬಂದವರಿಗೆ ಚೆಂಡಿನ ಸದ್ದು ಹಿಡಿಯುವುದು ಹೊಸದಲ್ಲ. 2012ರಲ್ಲಿ ಬೆಂಗಳೂರಿನಲ್ಲಿ ನಡೆದ ಅಂಧರ ಮೊದಲ ಟಿ20 ವಿಶ್ವಕಪ್ ಅನ್ನು ಭಾರತ ಗೆದ್ದದ್ದು ನಮ್ಮ ಶೇಖರ್ ನಾಯ್ಕ್ ನಾಯಕತ್ವದಲ್ಲೇ. ಆದರೆ ಎರಡು ಅಭ್ಯಾಸ ಬಿಡಬೇಕಾಗುತ್ತದೆ. ಕ್ರಿಕೆಟ್ಟಿನ ಚೆಂಡು ಒಳಗಿನ ಸಣ್ಣ ಗುಂಡುಗಳಿಂದ ಸದ್ದು ಮಾಡುತ್ತಾ ನೆಲದಲ್ಲಿ ಪುಟಿದು ಬರುತ್ತದೆ, ಇದು ಗಾಳಿಯಲ್ಲಿ ಬರುತ್ತದೆ, ಸ್ವೀಪ್ ನಡೆಯುವುದಿಲ್ಲ. ಅಲ್ಲಿ ದೃಷ್ಟಿಯ ಮಟ್ಟ ನೋಡಿ ಬಿ1, ಬಿ2, ಬಿ3 ಎಂದು ವಿಂಗಡಿಸುತ್ತಾರೆ. ಇಲ್ಲಿ ಬ್ಯಾಟರ್, ಫೀಲ್ಡರ್ ಎಲ್ಲರಿಗೂ ಕಣ್ಣಿಗೆ ಪಟ್ಟಿ.

ಈ ಮಕ್ಕಳ ಆಟಗಳಲ್ಲಿ ಸಾಮಾನ್ಯವಾಗಿ ಸೋಲು-ಗೆಲುವಿನ ಲೆಕ್ಕ ಇಡುವುದಿಲ್ಲವಂತೆ. ಸ್ಕೋರ್ ಇಲ್ಲ ಅಂದರೆ ದೊಡ್ಡ ಮಕ್ಕಳಿಗೆ ಬೇಜಾರಾಗುವುದಿಲ್ಲವೇ?

ಕೆಲವರಿಗೆ ಖಂಡಿತ ಆಗುತ್ತದೆ, ಅವರು ಮನಸ್ಸಿನಲ್ಲೇ ಎಣಿಸಿಕೊಂಡಿರುತ್ತಾರೆ. ಎಲ್ಲರೂ ಗೆದ್ದರು ಎಂದು ಹದಿನಾರರ ಹುಡುಗನಿಗೆ ಹೇಳಿದರೆ ಅವನು ನಗುತ್ತಾನೆ. ಔಟ್, ಸ್ಕೋರ್ ಎಲ್ಲ ಇರುವ ಗುಂಪು ಬೇರೆ ಇದೆಯೇ ಎಂದು ಕೇಳಿ. ಅನೇಕ ಊರುಗಳಲ್ಲಿ ಇದೆ. ಇಲ್ಲದಿದ್ದರೆ ಟೀ ಬಿಟ್ಟು ಎಸೆದ ಚೆಂಡು ಎದುರಿಸಲಿ, ಬಡ್ಡಿ ಇಲ್ಲದೆ ಫೀಲ್ಡಿಂಗ್ ಮಾಡಲಿ.

ಊರಿಂದ ಬಂದ ಅಜ್ಜ ಅಜ್ಜಿ ಮೈದಾನಕ್ಕೆ ಬರಬಹುದೇ?

ಧಾರಾಳವಾಗಿ. ಬೇಲಿಯ ಹೊರಗಿನ ಗ್ಯಾಲರಿಯಲ್ಲಿ ಕೂರಬೇಕು. ದೊಡ್ಡವರಲ್ಲಿ ಒಳಗೆ ಬರುವುದು ತಪಾಸಣೆಯಾದ ಸ್ವಯಂಸೇವಕರು ಮಾತ್ರ. ಹೊರಗಿನಿಂದ "ಓಡು ಪುಟ್ಟ, ಆ ಕಡೆ ಅಲ್ಲ, ಈ ಕಡೆ, ಬ್ಯಾಟು ಬಿಡು" ಎಂದು ನಾಲ್ಕು ಜನ ಒಟ್ಟಿಗೆ ಕೂಗಿದರೆ ಮಗು ನಡುದಾರಿಯಲ್ಲಿ ನಿಂತುಬಿಡುತ್ತದೆ. ಹೆಸರು ಹಿಡಿದು ಚಪ್ಪಾಳೆ ತಟ್ಟಲಿ, ದಾರಿ ಹೇಳುವುದು ಬಡ್ಡಿಗೆ ಬಿಡಲಿ.

ಮಳೆ ಬಂದರೆ?

ತುಂತುರಿಗೆ ರಬ್ಬರ್ ಮೈದಾನದಲ್ಲಿ ಆಡಿಸುವುದುಂಟು, ಮಣ್ಣಿನದಾದರೆ ರದ್ದು. ಗುಡುಗು ಕೇಳಿಸಿದರೆ ಎರಡೂ ಕಡೆ ಆಟ ನಿಲ್ಲುತ್ತದೆ, ಕೊನೆಯ ಗುಡುಗಿನಿಂದ 30 ನಿಮಿಷ ಯಾರೂ ಒಳಗಿಳಿಯುವಂತಿಲ್ಲ. ಡಗ್‌ಔಟ್ ಸಿಡಿಲಿನಿಂದ ಕಾಪಾಡುವುದಿಲ್ಲ, ಕಟ್ಟಡಕ್ಕೋ ಕಾರಿಗೋ ಹೋಗಬೇಕು. ವೀಲ್‌ಚೇರನ್ನು ಕಾರಿಗೆ ಏರಿಸಲು ಹೊತ್ತು ಹಿಡಿಯುವುದರಿಂದ ಆಕಾಶ ಕಪ್ಪಾದಾಗಲೇ ಹೊರಡಿ. ರದ್ದಾದ ಸುದ್ದಿ ಕೊನೆ ಗಳಿಗೆಯಲ್ಲಿ ಬರುವುದರಿಂದ ತಂಡದ ಮೆಸೇಜ್ ಗುಂಪಿನ ನೋಟಿಫಿಕೇಶನ್ ಆನ್ ಇಟ್ಟಿರಿ.